ದೋನ್ಕಕ್ಕ ತೂಗಿದ ಎರಡು ಕಂಪ್ಯೂಟರ್

ನಮ್ಮ ಕಟ್ಟಡದ ಎರಡನೇ ಮಹಡಿಯ ದೋನ್ಕಾ ಶಾರ್ಕೋವಾ ತರಕಾರಿ ಮಾರುಕಟ್ಟೆಗೆ ಕಾಲಿಟ್ಟರೆ ಈಗಲೂ ನಾಲ್ಕಾರು ಮುದುಕರು ತಕ್ಕಡಿಯ ತಟ್ಟೆ ಒರೆಸಿಕೊಳ್ಳುತ್ತಾರೆ. ಅವಳು ಕೆಲಸ ಬಿಟ್ಟು ಒಂಬತ್ತು ವರ್ಷವಾಯಿತು. ಅದಕ್ಕೂ ಮುಂಚೆ ಮೂವತ್ತೊಂದು ವರ್ಷ ನಮ್ಮೂರು ಸ್ತಾರಾ ಝಗೋರಾದ ಅಂಗಡಿ, ಗಿರಣಿ, ಔಷಧಿ ಅಂಗಡಿಗಳ ತಕ್ಕಡಿಗಳನ್ನು ಪರೀಕ್ಷಿಸಿ ಸರ್ಕಾರದ ಮುದ್ರೆ ಒತ್ತಿದವಳು. ಹಿತ್ತಾಳೆಯ ತೂಕದ ಬಟ್ಟುಗಳಿದ್ದ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರೂರು ಸುತ್ತುತ್ತಿದ್ದಳು. ಯಾರಾದರೂ ಒಂದು ಬಟ್ಟನ್ನು ಬರಿಗೈಯಲ್ಲಿ ಮುಟ್ಟಿದರೆ ಅವಳಿಗೆ ಮೈ ಉರಿಯುತ್ತಿತ್ತು. "ಕೈಯ ಜಿಡ್ಡಿಗೂ ತೂಕ ಇದೆ" ಎನ್ನುತ್ತಿದ್ದಳು.

ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ಪುರುಸೊತ್ತು ಸಿಗಲಿಲ್ಲ" ಎಂದು ನಗುತ್ತಿದ್ದಳು. ಅವಳ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ಬೇಕೆಂದು ಅನಿಸಿಯೂ ಇರಲಿಲ್ಲ. ಅಂಥವಳು ಒಂದು ವಸಂತದಿಂದ ಬೇಸಿಗೆಯವರೆಗೆ ಪ್ರೊಸೆಸರ್ ಎಂಬ, ಉಗುರಿಗಿಂತ ಸ್ವಲ್ಪ ದೊಡ್ಡದಾದ ವಸ್ತುವಿನ ಹಿಂದೆ ಬಿದ್ದಳು. ಕಟ್ಟಡದ ಉಸ್ತುವಾರಿ ನನ್ನದು, ಕೆಳಗಿನ ಸಭೆ ಕೋಣೆಯ ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಹಾಗಾಗಿ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಕಣ್ಣಾರೆ ಕಂಡೆ.

ಇದು ಶುರುವಾದದ್ದು ಬಾಗಿಲ ಮುಂದಿನ ಬೆಂಚಿನ ಮೇಲೆ. ಏಪ್ರಿಲ್ ತಿಂಗಳು. ಸ್ಲಾವಿ ಮತ್ತು ತೆನ್ಯೋ ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತಾ ಜಗಳವಾಡುತ್ತಿದ್ದರು. ಸ್ಲಾವಿ ಒಂದು ಕಾಲದಲ್ಲಿ ಊರಿನ ಮದುವೆಗಳ ವಿಡಿಯೋ ತೆಗೆಯುತ್ತಿದ್ದವನು. ಅವನ ಮನೆಯ ಕಪಾಟುಗಳಲ್ಲಿ ಇನ್ನೂರಕ್ಕೂ ಹೆಚ್ಚು ಹಳೆಯ ಕ್ಯಾಸೆಟ್ಟುಗಳಿದ್ದವು. ಟೇಪು ಪೂರ್ತಿ ಹಾಳಾಗುವ ಮೊದಲು ಅವನ್ನು ಕಂಪ್ಯೂಟರಿಗೆ ಇಳಿಸಿ, ಪೆನ್‌ಡ್ರೈವಿಗೆ ಹಿಡಿಸುವಷ್ಟು ಕುಗ್ಗಿಸಿ, ಆಯಾ ದಂಪತಿಗಳಿಗೆ ತಲುಪಿಸಬೇಕೆಂದು ಹಟ ತೊಟ್ಟು ಒಂದು ಲ್ಯಾಪ್‌ಟಾಪ್ ಕೊಂಡಿದ್ದ. ತೆನ್ಯೋ ಊರಿನ ಕಂಪ್ಯೂಟರ್ ಡಿಸ್ಕ್ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದವನು. ಅದು ಮುಚ್ಚಿದ ಮೇಲೂ ಸ್ಕ್ರೂಡ್ರೈವರ್ ಕೈಬಿಡದೆ, ಬಿಡಿಭಾಗ ತಂದು ತಾನೇ ಒಂದು ಡೆಸ್ಕ್‌ಟಾಪ್ ಜೋಡಿಸಿಕೊಂಡಿದ್ದ.

"ಒಂದು ಮದುವೆ ಕುಗ್ಗಿಸೋಕೆ ಒಂದೂ ಮುಕ್ಕಾಲು ಗಂಟೆ ತಗೊಳ್ಳುತ್ತೆ ನಿಂದು. ನಂದು ಒಂದು ಗಂಟೆ ಒಳಗೆ ಮುಗಿಸುತ್ತೆ. ಅದೇನು ಕಂಪ್ಯೂಟರೋ, ಟೋಸ್ಟರೋ?" ಎಂದ ತೆನ್ಯೋ.

"ಬಿಡೋ ಸುಳ್ಳು! ಎರಡರೊಳಗೂ ಇರೋದು ಒಂದೇ ಪ್ರೊಸೆಸರ್. ಡಬ್ಬದ ಮೇಲೆ ಬರೆದಿಲ್ವಾ? ಅದೇ ಹೆಸರು, ಅದೇ ಏಳರ ಅಂಕಿ."

"ಹೆಸರು ಒಂದೇ ಆದ್ರೆ ಆಗೋಯ್ತಾ? ನನ್ನ ತಮ್ಮನ ಹೆಸರೂ ಸ್ಲಾವಿನೇ. ಅವನಿಗೆ ಬುದ್ಧಿ ಇದೆ."

ಮಾರುಕಟ್ಟೆಯಿಂದ ಬರುತ್ತಿದ್ದ ದೋನ್ಕಕ್ಕ ಅಲ್ಲೇ ನಿಂತಳು. ಈರುಳ್ಳಿ ಹೂವಿನ ಕಟ್ಟು ಚೀಲದಿಂದ ಹೊರಗೆ ಇಣುಕುತ್ತಿತ್ತು.

"ಏನಂದೆ? ಎರಡರ ಮೇಲೂ ಒಂದೇ ಹೆಸರು ಬರೆದಿದೆಯಾ?"

"ಹೂಂ ಅಕ್ಕ. ಕೊನೇಲಿ ಒಂದು ಅಕ್ಷರ ಮಾತ್ರ ಬೇರೆ," ಎಂದ ಸ್ಲಾವಿ.

"ಆದ್ರೆ ಒಂದು ಇನ್ನೊಂದರ ಅರ್ಧ ಕೆಲಸ ಮಾಡುತ್ತೆ?"

"ಇವನು ಹಾಗಂತಾನೆ."

"ಒಂದು ಕಿಲೋ ಅಂತ ಬರೆದಿರೋ ಎರಡು ಬಟ್ಟು ಇದೆ, ಒಂದು ಅರ್ಧ ಕಿಲೋ ತೂಗುತ್ತೆ ಅಂತ ಯಾರಾದ್ರೂ ನನ್ನ ಹತ್ರ ಹೇಳಿದ್ದಿದ್ರೆ, ಅವತ್ತೇ ಅಂಗಡಿಗೆ ಬೀಗ ಹಾಕಿಸ್ತಿದ್ದೆ," ಎಂದಳು ದೋನ್ಕಕ್ಕ. ಚೀಲವನ್ನು ಬೆಂಚಿನ ಮೇಲಿಟ್ಟು ಪಕ್ಕದಲ್ಲೇ ಇದ್ದ ನನ್ನ ಕಡೆ ತಿರುಗಿದಳು. "ವೆಸ್ಕಾ, ಸಭೆ ಕೋಣೆ ಖಾಲಿ ಇದೆಯೇನೇ?"

ಮರುದಿನ ಬೆಳಗ್ಗೆ ಹತ್ತಕ್ಕೆ ಎರಡೂ ಯಂತ್ರಗಳು ಕೆಳಗಿನ ಕೋಣೆಗೆ ಬಂದವು. ತೆನ್ಯೋನ ಕಪ್ಪು ಪೆಟ್ಟಿಗೆಯನ್ನು ಇಬ್ಬರು ಸೇರಿ ಇಳಿಸಬೇಕಾಯಿತು. ಸ್ಲಾವಿ ತನ್ನದನ್ನು ಕಂಕುಳಲ್ಲಿ ಇಟ್ಟುಕೊಂಡು ಶಿಳ್ಳೆ ಹಾಕುತ್ತಾ ಬಂದ. ದೋನ್ಕಕ್ಕ ಮೊದಲು ಮಾಡಿದ ಕೆಲಸ ನೋಡಿ ನಮಗೆಲ್ಲ ನಗು ಬಂತು. ಗಾರೆಯವರ ನೀರುಮಟ್ಟದ ಪಟ್ಟಿ ತಂದು ಮೇಜು ಸಮವಾಗಿದೆಯೇ ಎಂದು ನೋಡಿದಳು.

"ಅಕ್ಕ, ಕಂಪ್ಯೂಟರಿಗೆ ಮಟ್ಟ ಯಾಕೆ?" ಎಂದೆ.

"ಬೇಕೋ ಬೇಡ್ವೋ ನನಗೇನು ಗೊತ್ತು? ಗೊತ್ತಿಲ್ದೆ ಇರುವಾಗ ಎಲ್ಲಾನೂ ಸಮ ಮಾಡ್ಕೋಬೇಕು."

ನಂತರ ನಿಯಮಗಳನ್ನು ಹೇಳಿದಳು. ಇಬ್ಬರೂ ಒಂದೇ ಮದುವೆಯನ್ನು ಕುಗ್ಗಿಸಬೇಕು, ಒಂದೇ ತಂತ್ರಾಂಶದಲ್ಲಿ, ಒಂದೇ ಅಳತೆಗೆ. ಪರದೆಯ ಮೇಲೆ ಬೇರೆ ಯಾವ ಕಿಟಕಿಯೂ ತೆರೆದಿರಬಾರದು. ಕೋಣೆಯ ಕಿಟಕಿಯೂ ಮುಚ್ಚಿರಬೇಕು. ಲ್ಯಾಪ್‌ಟಾಪ್ ಗೋಡೆಯ ವಿದ್ಯುತ್ತಿಗೆ ಸಿಕ್ಕಿಸಿರಬೇಕು. ಸ್ಲಾವಿ ೧೯೯೬ರ ಒಂದು ಮದುವೆ ಆರಿಸಿದ. ಮೂರು ಗಂಟೆಯ ಕ್ಯಾಸೆಟ್ಟು, ವರ ಕಝಾನ್ಲಕ್ಕಿನವನು, ವಧು ನಮ್ಮ ಬೀದಿಯವಳೇ. ಸೆಕೆಂಡಿಗೆ ಎಷ್ಟು ಚಿತ್ರ ಕುಗ್ಗುತ್ತಿವೆ ಎಂಬುದು ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು. ಅದನ್ನು ನಿಮಿಷ ನಿಮಿಷಕ್ಕೂ ಬರೆದುಕೊಳ್ಳಲು ಅವಳು ಚೌಕಳಿ ಹಾಳೆಯ ಪುಸ್ತಕ ತೆರೆದಳು.

"ಶುರು!"

ಮೊದಲ ನಿಮಿಷ: ಡೆಸ್ಕ್‌ಟಾಪ್ ಎಂಬತ್ತು ಚಿತ್ರ. ಲ್ಯಾಪ್‌ಟಾಪ್ ಎಪ್ಪತ್ತೆಂಟು.

ಸ್ಲಾವಿ ಕುರ್ಚಿಯಿಂದ ಎದ್ದೇಬಿಟ್ಟ. "ನೋಡಿದ್ಯಾ? ನೋಡಿದ್ಯಾ ತೆನ್ಯೋ? ಟೋಸ್ಟರ್ ಅಂದ್ಯಲ್ಲ!"

ಎರಡನೇ ನಿಮಿಷ, ಮೂರನೇ ನಿಮಿಷವೂ ಅಷ್ಟೇ. ತೆನ್ಯೋನ ಮುಖ ಸಪ್ಪಗಾಯಿತು. ತನ್ನ ಪೆಟ್ಟಿಗೆಯ ಹಿಂದೆ ಹೋಗಿ ಒಂದೊಂದೇ ತಂತಿಯನ್ನು ಮುಟ್ಟಿ ನೋಡಿದ. ದೋನ್ಕಕ್ಕ ಬರೆಯುತ್ತಲೇ ಇದ್ದಳು. ನಾಲ್ಕನೇ ನಿಮಿಷ ದಾಟಿದಾಗ ಲ್ಯಾಪ್‌ಟಾಪಿನ ಫ್ಯಾನ್ ಹೇರ್ ಡ್ರೈಯರಿನಂತೆ ಕೂಗತೊಡಗಿತು. ಸಂಖ್ಯೆ ಎಪ್ಪತ್ತಕ್ಕೆ ಇಳಿಯಿತು, ಐವತ್ತೈದಕ್ಕೆ ಇಳಿಯಿತು, ನಲವತ್ತಕ್ಕೆ ಬಂದು ಅಲ್ಲೇ ಕೂತಿತು. ಡೆಸ್ಕ್‌ಟಾಪ್ ಎಂಬತ್ತರಲ್ಲೇ ಇತ್ತು.

"ಏನಾಯ್ತು ಇದಕ್ಕೆ?" ಎಂದ ಸ್ಲಾವಿ, ಮಗುವಿಗೆ ಜ್ವರ ಬಂದಾಗ ಅಪ್ಪ ಕೇಳುವಂತೆ.

ದೋನ್ಕಕ್ಕ ಲ್ಯಾಪ್‌ಟಾಪಿನ ಅಡಿಗೆ ಅಂಗೈ ಹಿಡಿದಳು. ಥಟ್ಟನೆ ಹಿಂದಕ್ಕೆ ಎಳೆದುಕೊಂಡಳು. ಅವಳ ಕಣ್ಣು ಅರಳಿದ್ದನ್ನು ನಾನು ನೋಡಿದೆ.

"ಸ್ಪ್ರಿಂಗ್ ತಕ್ಕಡಿ ಬಿಸಿಲಲ್ಲಿಟ್ರೆ ಬೇರೆ ತೂಕ ತೋರಿಸುತ್ತೆ. ಇದೂ ಹಾಗೇನಾ?" ಎಂದು ತನಗೆ ತಾನೇ ಹೇಳಿಕೊಂಡಳು.

ತೆನ್ಯೋನದು ಐವತ್ತಾರು ನಿಮಿಷದಲ್ಲಿ ಮುಗಿಯಿತು. ಸ್ಲಾವಿಯದು ಮುಗಿದಾಗ ಒಂದು ಗಂಟೆ ನಲವತ್ತೆಂಟು ನಿಮಿಷ. ತೆನ್ಯೋ ಗೆದ್ದವನಂತೆ ಮನೆಗೆ ಊಟಕ್ಕೆ ಹೊರಟ. ದೋನ್ಕಕ್ಕ ಅವನ ತೋಳು ಹಿಡಿದು ನಿಲ್ಲಿಸಿದಳು.

"ಎಲ್ಲಿಗೆ ಹೋಗ್ತೀಯ? ಮೊದಲ ನಾಲ್ಕು ನಿಮಿಷ ಅದು ನಿನ್ನದಕ್ಕೆ ಸಮ ಓಡ್ತಲ್ಲ. ಓಡೋಕೆ ಬರೋ ಯಂತ್ರ ಆಮೇಲೆ ಯಾಕೆ ನಡೀತು? ಅದು ಗೊತ್ತಾಗ್ಬೇಡ್ವಾ?"

"ಬಿಸಿ ಆಯ್ತು, ನಿಧಾನ ಆಯ್ತು. ಅಷ್ಟೇ ಅಕ್ಕ. ಕಾರ್ಖಾನೇಲಿ ಇಂಥದ್ದು ದಿನಾ ನೋಡ್ತಿದ್ವಿ."

"ಎಷ್ಟು ಬಿಸಿಗೆ ಎಷ್ಟು ನಿಧಾನ?"

ಅದು ತೆನ್ಯೋಗೂ ಗೊತ್ತಿರಲಿಲ್ಲ.

ಅಂದಿನಿಂದ ಮೂರು ವಾರ ಸಭೆ ಕೋಣೆಯ ಬೀಗದ ಕೈ ದೋನ್ಕಕ್ಕನ ಏಪ್ರನ್ನಿನ ಜೇಬಿನಲ್ಲೇ ಇತ್ತು. ಅವಳು ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತಿದ್ದಳು. ಒಟ್ಟಿಗೆ ಎರಡು ಬದಲಿಸೋಣ ಎಂದ ಸ್ಲಾವಿಗೆ, "ಸಾರಿಗೆ ಉಪ್ಪೂ ಖಾರನೂ ಒಟ್ಟಿಗೆ ಸುರಿದು, ಯಾವುದು ಜಾಸ್ತಿ ಆಯ್ತು ಅಂತ ಹೆಂಗೆ ಹೇಳ್ತೀಯ?" ಎಂದು ಗದರಿದಳು. ಮೊದಲು ಲ್ಯಾಪ್‌ಟಾಪಿನ ನಾಲ್ಕು ಮೂಲೆಗೂ ವೈನ್ ಬಾಟಲಿಯ ಬಿರಡೆ ಇಟ್ಟು ಎತ್ತರಿಸಿದಳು. ಅಡಿಯಲ್ಲಿ ಗಾಳಿ ಆಡಿತು. ನಲವತ್ತು ಚಿತ್ರ ನಲವತ್ತಾರಾಯಿತು, ಸಮಯ ಒಂದು ಗಂಟೆ ಮೂವತ್ತೈದು ನಿಮಿಷಕ್ಕೆ ಇಳಿಯಿತು. ನಾಲ್ಕು ಬಿರಡೆಗೆ ಹದಿಮೂರು ನಿಮಿಷ! ಅವಳು ಆ ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದಳು.

ಆಮೇಲೆ ತೆನ್ಯೋ ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿದ. ಒಳಗಿನ ಪುಟ್ಟ ಫ್ಯಾನಿನ ಬಾಯಿಗೆ ಬೂದು ಬಣ್ಣದ ತುಪ್ಪಳದ ಮುದ್ದೆ ಅಂಟಿಕೊಂಡಿತ್ತು.

"ಇದೇನೋ ಇದು?"

ಸ್ಲಾವಿ ನಾಚಿಕೊಂಡ. "ನಮ್ಮ ಬೆಕ್ಕು. ಅದರ ಪಕ್ಕದಲ್ಲೇ ಮಲಗುತ್ತೆ. ಬೆಚ್ಚಗಿರುತ್ತಲ್ಲ."

"ಅರ್ಧ ಬೆಕ್ಕು ಒಳಗೇ ಇದೆಯಲ್ಲೋ ಮಾರಾಯ!"

ಸ್ವಚ್ಛ ಮಾಡಿದ ಮೇಲೆ ಐವತ್ತೈದು ಚಿತ್ರ ಬಂತು. ಒಂದು ಗಂಟೆ ಇಪ್ಪತ್ತು ನಿಮಿಷ. ಅದಕ್ಕಿಂತ ಮೇಲೆ ಏನು ಮಾಡಿದರೂ ಹೋಗಲಿಲ್ಲ. ಮಂಜುಗಡ್ಡೆಯ ಚೀಲ ಪಕ್ಕದಲ್ಲಿಟ್ಟರೂ, ಕಿಟಕಿ ತೆರೆದರೂ, ಐವತ್ತೈದೇ. ಬಿಸಿ ಕಡಿಮೆಯಾಗಿದೆ, ಆದರೂ ವೇಗ ಏರುತ್ತಿಲ್ಲ. ಈ ಹಂತದಲ್ಲಿ ದೋನ್ಕಕ್ಕನ ಕುತೂಹಲ ಹುಚ್ಚಿಗೆ ತಿರುಗುವ ಮಟ್ಟಕ್ಕೆ ಬಂದಿತ್ತು. ಮೆಟ್ಟಿಲಲ್ಲಿ ಸಿಕ್ಕಾಗ ನಮಸ್ಕಾರ ಕೂಡ ಹೇಳದೆ, "ವೆಸ್ಕಾ, ತಣ್ಣಗಿದ್ರೂ ಅದನ್ನ ಯಾರೋ ಹಿಡಿದುಕೊಂಡಿದ್ದಾರೆ ಕಣೇ" ಎಂದಳು. ನಾನು ಯಾವುದೋ ಪೊಲೀಸ್ ವಿಷಯವೆಂದುಕೊಂಡೆ.

ಉತ್ತರದ ಎಳೆ ಸಿಕ್ಕಿದ್ದು ತೆನ್ಯೋನ ಹಳೆಯ ಸಾಮಾನಿನ ಡಬ್ಬದಲ್ಲಿ. ಗೋಡೆಯ ಪ್ಲಗ್ಗಿಗೂ ಯಂತ್ರಕ್ಕೂ ನಡುವೆ ಸಿಕ್ಕಿಸುವ ಒಂದು ಪುಟ್ಟ ಮೀಟರ್ ಅದು. ಯಂತ್ರ ಎಷ್ಟು ವ್ಯಾಟ್ ವಿದ್ಯುತ್ ಎಳೆಯುತ್ತಿದೆ ಎಂದು ತೋರಿಸುತ್ತದೆ. ದೋನ್ಕಕ್ಕ ಬಿರಡೆಗಳನ್ನು ತೆಗೆದು, ಫ್ಯಾನಿನ ಬಾಯಿಗೆ ಬಟ್ಟೆ ಇಟ್ಟು, ಲ್ಯಾಪ್‌ಟಾಪ್ ಮೊದಲಿನ ದಿನದ ನಲವತ್ತು ಚಿತ್ರಕ್ಕೇ ಇಳಿಯುವವರೆಗೆ ಸರಿಹೊಂದಿಸಿ ಒಂದು ಸಲ ಅಳೆದಳು, ಬಟ್ಟೆ ತೆಗೆದು ಬಿರಡೆ ಮತ್ತೆ ಇಟ್ಟು ಇನ್ನೊಂದು ಸಲ ಅಳೆದಳು. ಬಟ್ಟೆ ಇದ್ದಾಗ ಲ್ಯಾಪ್‌ಟಾಪ್ ಮೊದಲ ನಾಲ್ಕು ನಿಮಿಷ ನೂರಹತ್ತು ವ್ಯಾಟ್ ಎಳೆದು, ನಂತರ ಅರವತ್ತಕ್ಕೆ ಇಳಿಯಿತು. ಬಟ್ಟೆ ಇಲ್ಲದಾಗ ಎಂಬತ್ತಕ್ಕೆ ಬಂದು ನಿಂತಿತು. ಅಲ್ಲಿಂದ ಒಂದು ವ್ಯಾಟ್ ಕೂಡ ಮೇಲೆ ಹೋಗಲಿಲ್ಲ, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ. ಡೆಸ್ಕ್‌ಟಾಪ್ ಮೊದಲಿನಿಂದ ಕೊನೆಯವರೆಗೆ ನೂರತೊಂಬತ್ತು ನುಂಗುತ್ತಿತ್ತು.

ದೋನ್ಕಕ್ಕ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಏನೋ ಗುಣಿಸಿದಳು. ಆಮೇಲೆ ತೆನ್ಯೋನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಒಂದು ಮದುವೆ ಮುಗಿಸೋಕೆ ನಿನ್ನದು ಹತ್ತಿರ ಹತ್ತಿರ ನೂರೆಂಬತ್ತು ವ್ಯಾಟ್-ಗಂಟೆ ತಿನ್ನುತ್ತೆ. ಇವನ ಟೋಸ್ಟರ್ ಬೆಕ್ಕಿನ ಕೂದಲು ತುಂಬ್ಕೊಂಡು ಓಡಿದ್ರೂ ನೂರಹನ್ನೊಂದು."

"ಅಂದ್ರೆ?"

"ಅಂದ್ರೆ ಬೇಗ ಮುಗಿಸೋದು ನಿಂದು. ಕಮ್ಮಿ ತಿಂದು ಮುಗಿಸೋದು ಅವನದು. ಈಗ ಯಾವುದು ಒಳ್ಳೇದು, ಹೇಳು?"

"ಬೇಗ ಮುಗಿಸೋದೇ ಒಳ್ಳೇದು," ಎಂದ ತೆನ್ಯೋ ತಕ್ಷಣ.

"ಹಾಗಾದ್ರೆ ನೀನು ಊಟಾನೂ ಹಾಗೇ ಮಾಡು," ಎಂದು ಸ್ಲಾವಿ ಮೂಲೆಯಿಂದ ಕೂಗಿದ. "ಎಲ್ಲರಿಗಿಂತ ಬೇಗ, ಎಲ್ಲರಿಗಿಂತ ಜಾಸ್ತಿ!"

ತೆನ್ಯೋ ಎರಡು ದಿನ ಬೆಂಚಿಗೆ ಬರಲಿಲ್ಲ.

ಆದರೆ ಒಂದು ಪ್ರಶ್ನೆ ಉಳಿದಿತ್ತು. ಕಟ್ಟಿ ಹಾಕಿದವರು ಯಾರು? ದೋನ್ಕಕ್ಕ ಒಳ್ಳೆಯ ಕೋಟು ಹಾಕಿಕೊಂಡು, ಪುಸ್ತಕ ಕೈಚೀಲದಲ್ಲಿಟ್ಟುಕೊಂಡು, ನನ್ನನ್ನೂ ಎಳೆದುಕೊಂಡು ಗಾನ್ಚೋನ ಕಂಪ್ಯೂಟರ್ ಅಂಗಡಿಗೆ ಹೋದಳು. ಸ್ಲಾವಿ ಲ್ಯಾಪ್‌ಟಾಪ್ ಕೊಂಡಿದ್ದು ಅಲ್ಲೇ. ಗಾನ್ಚೋಗೆ ನಲವತ್ತರ ಆಸುಪಾಸು. ಅವನ ಅಪ್ಪನಿಗೆ ಹಿಂದೆ ಚೀಸ್ ಅಂಗಡಿ ಇತ್ತು. ದೋನ್ಕಕ್ಕ ಬಾಗಿಲಲ್ಲಿ ಕಂಡದ್ದೇ ಅವನು ಎದ್ದು ನಿಂತ.

"ಬನ್ನಿ ದೊಡ್ಡಮ್ಮ. ನನ್ನ ಹತ್ರ ತಕ್ಕಡಿ ಇಲ್ಲ, ದೇವರಾಣೆ."

"ಹೆದರ್ಕೋಬೇಡ. ಈ ಅಕ್ಷರದ ಅರ್ಥ ಏನು, ಅದನ್ನ ಹೇಳು." ಪುಸ್ತಕ ತೆರೆದು ಎರಡು ಪ್ರೊಸೆಸರ್‌ಗಳ ಹೆಸರು ತೋರಿಸಿದಳು.

ಗಾನ್ಚೋ ಪುಸ್ತಕವನ್ನು ಓದುತ್ತಾ ಓದುತ್ತಾ ಕುರ್ಚಿಗೆ ಕುಸಿದ. ಮೂರು ವಾರದ ಅಂಕಿಗಳು, ಕೋಣೆಯ ಉಷ್ಣಾಂಶ, ಬಿರಡೆಯ ಎತ್ತರ, ಬೆಕ್ಕು, ಎಲ್ಲವೂ ಅದರಲ್ಲಿ ಇದ್ದವು.

"ಇದನ್ನ ನೀವೇ ಮಾಡಿದ್ರಾ?" ಎಂದ. ನಂತರ ನಿಧಾನವಾಗಿ ವಿವರಿಸಿದ. "ಆ ಅಕ್ಷರ ಇದ್ರೆ ಲ್ಯಾಪ್‌ಟಾಪಿಗೆ ಅಂತ ಮಾಡಿದ್ದು ದೊಡ್ಡಮ್ಮ. ಮನೆತನ ಒಂದೇ, ಆಳು ಬೇರೆ. ಬ್ಯಾಟರಿ ಉಳೀಬೇಕು, ತೊಡೆ ಸುಡಬಾರ್ದು. ಅದಕ್ಕೆ ಇಷ್ಟೇ ವ್ಯಾಟ್ ತಿನ್ನು ಅಂತ ಮಿತಿ ಹಾಕಿರ್ತಾರೆ. ಶುರುವಿನಲ್ಲಿ ಸ್ವಲ್ಪ ಹೊತ್ತು ಮಾತ್ರ ಹಗ್ಗ ಸಡಿಲ ಬಿಡ್ತಾರೆ."

"ಸ್ವಲ್ಪ ಹೊತ್ತು ಯಾಕೆ?"

"ಜನ ಒಂದು ಪುಟ ತೆರೀತಾರೆ, ಒಂದು ಫೋಟೋ ತಿದ್ತಾರೆ. ಅಷ್ಟು ಹೊತ್ತಿಗೆ ಕೆಲಸ ಮುಗಿದಿರುತ್ತೆ. ಅವರಿಗೆ ಅದು ಡೆಸ್ಕ್‌ಟಾಪ್ ಥರಾನೇ ಅನ್ಸುತ್ತೆ. ಮೂರು ಗಂಟೆ ಮದುವೆ ಕುಗ್ಗಿಸೋರು ಎಷ್ಟು ಜನ ಇದ್ದಾರೆ?"

ಇದನ್ನು ಕೇಳಿ ದೋನ್ಕಕ್ಕ ಸಿಟ್ಟಾಗುತ್ತಾಳೆಂದು ನಾನು ಕಾದೆ. ಆದರೆ ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ.

"ಇದು ಮೋಸ ಅಲ್ಲ," ಎಂದಳು. "ಔಷಧಿ ಅಂಗಡಿ ತಕ್ಕಡಿ ಬೇರೆ, ಗೋಧಿ ಲಾರಿ ತೂಕ ಹಾಕೋ ವೇಬ್ರಿಡ್ಜ್ ಬೇರೆ. ಎರಡೂ ತಕ್ಕಡಿನೇ. ಆದ್ರೆ ಗಾನ್ಚೋ, ಪ್ರತಿ ತಕ್ಕಡಿ ಮುಖದ ಮೇಲೂ ಅದು ಎಷ್ಟು ಕಿಲೋವರೆಗೆ ತೂಗುತ್ತೆ ಅಂತ ಬರೆದಿರುತ್ತೆ. ಬರೀದಿದ್ರೆ ನಾನು ಮುದ್ರೆ ಒತ್ತುತ್ತಿರಲಿಲ್ಲ. ಇಲ್ಲಿ ಎಲ್ಲಿ ಬರೆದಿದೆ?"

"ಜೊತೆಗೆ ಬರೋ ಪುಸ್ತಕದಲ್ಲಿ… ಅಲ್ಲೂ ಎಲ್ಲಾ ಇರಲ್ಲ. ಒಂದೇ ಪ್ರೊಸೆಸರ್ ಹಾಕಿದ್ರೂ, ತೆಳ್ಳಗಿನ ಮೈಯಲ್ಲಿ ಒಂಥರ, ದಪ್ಪ ಮೈಯಲ್ಲಿ ಒಂಥರ ಓಡುತ್ತೆ."

"ಹೌದಾ!" ದೋನ್ಕಕ್ಕ ಮುಂದಕ್ಕೆ ಬಾಗಿದಳು. "ಎಷ್ಟು ವ್ಯತ್ಯಾಸ?"

ಅವನಿಗೂ ಗೊತ್ತಿರಲಿಲ್ಲ. ಹದಿನೈದು ವರ್ಷದಿಂದ ಮಾರುತ್ತಿದ್ದವನು, ಯಾವತ್ತೂ ಅಳೆದಿರಲಿಲ್ಲ.

ಸೋಮವಾರಗಳಂದು ಅಂಗಡಿಗೆ ಗಿರಾಕಿಗಳು ಕಡಿಮೆ. ಮೇ ತಿಂಗಳಿನ ಸೋಮವಾರಗಳೆಲ್ಲ ದೋನ್ಕಕ್ಕ ಅಲ್ಲಿ ಕಳೆದಳು. ಚೀಸಿನ ಬನಿತ್ಸಾ ರೊಟ್ಟಿ ಸುತ್ತಿದ ಪೊಟ್ಟಣ, ಐರಾನ್ ಎಂಬ ಮಜ್ಜಿಗೆಯ ಬಾಟಲಿ, ಮೀಟರ್, ಪೆನ್‌ಡ್ರೈವಿನಲ್ಲಿ ಅದೇ ಮದುವೆ. ಗಾನ್ಚೋ ಪ್ರದರ್ಶನಕ್ಕಿಟ್ಟ ಏಳು ಲ್ಯಾಪ್‌ಟಾಪುಗಳನ್ನು, ಮೂರು ಡೆಸ್ಕ್‌ಟಾಪುಗಳನ್ನು ಒಂದೊಂದಾಗಿ ಓಡಿಸಿದಳು. ಮದುವೆಯಲ್ಲಿ ವಧುವಿನ ಚಿಕ್ಕಪ್ಪ ಕುಣಿಯುತ್ತಾ ಕುರ್ಚಿಯ ಮೇಲಿಂದ ಬೀಳುವ ದೃಶ್ಯ ಅವಳಿಗೂ ಗಾನ್ಚೋಗೂ ಬಾಯಿಪಾಠವಾಯಿತು. ವೇಗದ ಯಂತ್ರದಲ್ಲಿ ಅವನು ಬೇಗ ಬೀಳುತ್ತಿದ್ದ, ನಿಧಾನದ್ದರಲ್ಲಿ ತಡವಾಗಿ.

ಎಲ್ಲಕ್ಕಿಂತ ಅಚ್ಚರಿಯಾದದ್ದು ನಾಲ್ಕನೇ ಸೋಮವಾರ. ಕಿಟಕಿಯ ಮಧ್ಯದಲ್ಲಿ ದೀಪದ ಕೆಳಗೆ ಇಟ್ಟಿದ್ದ, ಬೆರಳಿನಷ್ಟೂ ದಪ್ಪವಿಲ್ಲದ ಬೆಳ್ಳಿ ಬಣ್ಣದ ಲ್ಯಾಪ್‌ಟಾಪಿನ ಮೇಲೆ ಒಂಬತ್ತು ಎಂದು ಬರೆದಿತ್ತು. ಮೂಲೆಯಲ್ಲಿದ್ದ ದಪ್ಪ ಕಪ್ಪು ಲ್ಯಾಪ್‌ಟಾಪಿನ ಮೇಲೆ ಬರೀ ಐದು. ಅಂಕಿ ದೊಡ್ಡದಿದ್ದಷ್ಟೂ ಪ್ರೊಸೆಸರ್ ಬಲವಾದದ್ದು ಎಂದು ಲೆಕ್ಕ. ಮೊದಲ ನಿಮಿಷ ಬೆಳ್ಳಿಯದು ಹಾರಿಹೋಯಿತು. ಅರ್ಧ ಗಂಟೆಯಾಗುವಷ್ಟರಲ್ಲಿ ಕಪ್ಪು ಲ್ಯಾಪ್‌ಟಾಪ್ ಅದನ್ನು ಹಿಂದೆ ಹಾಕಿತ್ತು. ಗಾನ್ಚೋ ನಂಬದೆ ಎರಡನೇ ಸಲ ಓಡಿಸಿದ. ಮತ್ತೆ ಹಾಗೇ ಆಯಿತು.

"ದೊಡ್ಡಮ್ಮ, ಇದನ್ನ ಹೊರಗೆ ಹೇಳಿದ್ರೆ ಬೆಳ್ಳಿದು ಯಾರು ತಗೋತಾರೆ?"

"ಬಸ್ಸಿನಲ್ಲಿ ಕೂತು ಕಾಗದ ಬರೆಯೋರು ತಗೋತಾರೆ. ಹಗುರ ಇದೆ, ಸದ್ದಿಲ್ಲ, ಚೆನ್ನಾಗಿದೆ. ಮದುವೆ ಕುಗ್ಗಿಸೋರು ತಗೋಬಾರ್ದು, ಅಷ್ಟೇ."

ಗಾನ್ಚೋ ಒಂದು ವಾರ ಯೋಚಿಸಿದ. ಜೂನ್ ಮೊದಲ ವಾರ ನಾನು ಆ ಬೀದಿಯಲ್ಲಿ ಹೋಗುವಾಗ ನೋಡಿದೆ, ಪ್ರತಿ ಯಂತ್ರದ ಮುಂದೆಯೂ ಒಂದು ರಟ್ಟಿನ ಚೀಟಿ ಇತ್ತು. ದೋನ್ಕಕ್ಕನ ದುಂಡನೆಯ ಅಕ್ಷರ. "ಮೊದಲ ನಿಮಿಷ ಇಷ್ಟು. ಅರ್ಧ ಗಂಟೆಯ ನಂತರ ಇಷ್ಟು. ವಿದ್ಯುತ್ ಇಷ್ಟು." ಜನ ಕಿಟಕಿಗೆ ಮೂಗು ಒತ್ತಿ ಓದುತ್ತಿದ್ದರು. ಕೆಲವರು ಒಳಗೆ ಹೋಗಿ, ಅರ್ಧ ಗಂಟೆ ಎಂದರೆ ಏನು, ಅದು ತಮಗೆ ಬೇಕೇ ಎಂದು ವಾದ ಹೂಡುತ್ತಿದ್ದರಂತೆ. ಬೆಳ್ಳಿಯದು ಎರಡೇ ವಾರದಲ್ಲಿ ಮಾರಾಟವಾಯಿತು. ಕೊಂಡವಳು ಒಬ್ಬ ಅನುವಾದಕಿ. ಚೀಟಿಯನ್ನು ಪೂರ್ತಿ ಓದಿ, "ನನ್ನ ಕೆಲಸ ಯಾವಾಗ್ಲೂ ಮೊದಲ ನಿಮಿಷದ್ದೇ" ಎಂದಳಂತೆ. ಗಾನ್ಚೋ ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿದ.

ಸ್ಲಾವಿ ಲ್ಯಾಪ್‌ಟಾಪ್ ಬಿಡಲಿಲ್ಲ. ಅದನ್ನು ಕಂಕುಳಲ್ಲಿಟ್ಟುಕೊಂಡು ಹಳ್ಳಿಗಳಿಗೆ ಹೋಗಿ, ಹಳೆಯ ದಂಪತಿಗಳನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ಅವರ ಮದುವೆ ತೋರಿಸುವುದು ಅವನಿಗೆ ಎಲ್ಲಕ್ಕಿಂತ ಇಷ್ಟ. ತೆನ್ಯೋನ ಪೆಟ್ಟಿಗೆಯನ್ನು ಹೊತ್ತುಕೊಂಡು ಯಾರು ಹೋಗುತ್ತಾರೆ? ಕುಗ್ಗಿಸುವ ಕೆಲಸದಲ್ಲಿ ಅರ್ಧ ಮಾತ್ರ ತೆನ್ಯೋಗೆ ಒಪ್ಪಿಸಿದ. ಪೂರ್ತಿ ಒಪ್ಪಿಸಿದರೆ ಸೋತಂತೆ ಆಗುತ್ತದಲ್ಲ. ಬೆಕ್ಕಿಗೆ ಬೇರೆ ದಿಂಬು ಕೊಟ್ಟರು. ಅದು ಅಲ್ಲಿ ಮಲಗುವುದಿಲ್ಲ.

ಆಗಸ್ಟಿನಲ್ಲಿ ಬಿಸಿಲು ನಲವತ್ತು ಡಿಗ್ರಿ ಮುಟ್ಟಿದ ದಿನ ಎಲ್ಲರೂ ಕಿಟಕಿಗೆ ಪರದೆ ಎಳೆದುಕೊಂಡು ಮಲಗಿದ್ದೆವು. ಯಾರೋ ಬಾಗಿಲು ಬಡಿದರು. ನೋಡಿದರೆ ದೋನ್ಕಕ್ಕ. ಬೆವರಿನಿಂದ ಮುಖ ಹೊಳೆಯುತ್ತಿತ್ತು.

"ವೆಸ್ಕಾ, ತೆನ್ಯೋ ಮನೆಗೆ ಬಾ. ಬೇಗ."

ತೆನ್ಯೋ ಮೇಲಿನ ಮಹಡಿ, ಚಾವಣಿಯ ಕೆಳಗೆ. ಒಲೆಯೊಳಗೆ ಹೊಕ್ಕಂತಾಯಿತು. ಅವನು ಬನಿಯನ್ನಿನಲ್ಲಿ ಡೆಸ್ಕ್‌ಟಾಪಿನ ಮುಂದೆ ಕೂತಿದ್ದ. ಪರದೆಯ ಮೇಲೆ ಚಿಕ್ಕಪ್ಪ ಇನ್ನೂ ಕುಣಿಯುತ್ತಿದ್ದ. ಮೂಲೆಯ ಸಂಖ್ಯೆ ಅರವತ್ತೊಂಬತ್ತು.

"ನೋಡೇ, ಇದೂ ನಿಧಾನ ಆಯ್ತು!" ದೋನ್ಕಕ್ಕ ಚಿಕ್ಕ ಹುಡುಗಿಯಂತೆ ಕೈ ತಟ್ಟಿದಳು. "ಕೋಣೆ ನಲವತ್ತೆರಡು ಡಿಗ್ರಿ ಇದೆ. ಹನ್ನೊಂದು ಚಿತ್ರ ಬಿದ್ದುಹೋಯ್ತು. ಇದಕ್ಕೂ ಬಿಸಿ ತಟ್ಟುತ್ತೆ!"

"ನನಗೂ ತಟ್ಟಿದೆ ಅಕ್ಕ. ಕಿಟಕಿ ತೆಗೀಲಾ?" ಎಂದ ತೆನ್ಯೋ ದೈನ್ಯದಿಂದ.

"ಇನ್ನು ಹನ್ನೆರಡು ನಿಮಿಷ ತಡ್ಕೋ."

ಅವನು ನಮ್ಮ ಕಡೆಯ ರೂಢಿಯಂತೆ ಹೌದೆಂದು ತಲೆಯನ್ನು ಅತ್ತಿತ್ತ ಆಡಿಸಿ, ಒದ್ದೆ ಟವೆಲ್ಲನ್ನು ತಲೆಯ ಮೇಲೆ ಹಾಕಿಕೊಂಡ. ನಾನು ಅಡುಗೆಮನೆಗೆ ಹೋಗಿ ಮೂವರಿಗೂ ಕಲ್ಲಂಗಡಿ ಕತ್ತರಿಸಿ ತಂದೆ. ದೋನ್ಕಕ್ಕ ಒಂದು ಕೈಯಲ್ಲಿ ಹೋಳು ಹಿಡಿದು, ಹಾಳೆಗೆ ರಸ ತಾಗದಂತೆ ಇನ್ನೊಂದು ಕೈಯಲ್ಲಿ ಬರೆಯುತ್ತಲೇ ಇದ್ದಳು. ಕೊನೆಯ ಅಂಕಿ ಬರೆದ ಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು.

"ಜನವರೀಲಿ ನಿಮ್ಮ ಬಾಲ್ಕನಿ ಎಷ್ಟು ತಣ್ಣಗಿರುತ್ತೆ ವೆಸ್ಕಾ?"

"ಮೈನಸ್ ಹತ್ತರವರೆಗೂ ಹೋಗುತ್ತೆ ಅಕ್ಕ. ಯಾಕೆ?"

"ಸುಮ್ನೆ ಕೇಳ್ದೆ," ಎಂದಳು. ಆದರೆ ಪುಸ್ತಕದ ಹೊಸ ಪುಟದಲ್ಲಿ ಆಗಲೇ ಗೆರೆ ಹಾಕಲು ಶುರು ಮಾಡಿದ್ದಳು.